ತುಳಿಯೋ ಉಪ್ಪು

ಉಪ್ಪನ್ನು ತುಳಿಯಬಾರದು ಅನ್ನುವುದನ್ನು ನಮ್ಮಮ್ಮ ನನಗೆ ಹೊಡೆದು ಕಲಿಸಿದ್ದಳು. ಮೈಸೂರಿನ ಬಾಡಿಗೆ ಮನೆಯಲ್ಲಿ ಒಮ್ಮೆ ಜಾಡಿ ಉರುಳಿ ಕಲ್ಲುಪ್ಪು ನೆಲಕ್ಕೆಲ್ಲ ಚೆಲ್ಲಿತ್ತು. ನಾನು ನೋಡದೆ ಅದರ ಮೇಲೆ ನಡೆದುಬಿಟ್ಟೆ. ಅಮ್ಮ ಸೌಟು ತೆಗೆದುಕೊಂಡು ಕಾಲಿಗೇ ಬಿಟ್ಟಳು. ಆ ಏಟು ಸಿಯಾಟಲ್‌ವರೆಗೂ ನನ್ನ ಜೊತೆಗೇ ಬಂತು. ಮದುವೆಯಾಗಿ ಸಿಯಾಟಲ್ ಪಕ್ಕದ ಕೆಂಟ್‌ಗೆ ಬಂದ ಮೊದಲ ಚಳಿಗಾಲದಲ್ಲಿ ಅಂಗಡಿಯ ಮುಂದೆ, ಬಸ್ ಸ್ಟಾಪಿನಲ್ಲಿ, ಮೆಟ್ಟಿಲ ಮೇಲೆ ಕಲ್ಲುಪ್ಪು ಎರಚಿರುವುದನ್ನು ನೋಡಿ ನನಗೆ ಕಾಲಿಡಲು ಆಗಲಿಲ್ಲ. ನೆಲಕ್ಕೆ ಅಂಟಿದ ಐಸ್ ಕರಗಲಿ ಎಂದು ಹಾಕುತ್ತಾರೆ ಅಂತ ನಮ್ಮ ಯಜಮಾನರು ಹೇಳಿದರು. ತಲೆಗೆ ತಿಳಿಯಿತು, ಕಾಲು ಒಪ್ಪಲಿಲ್ಲ. ಉಪ್ಪಿರುವ ಕಡೆ ಬಿಟ್ಟು, ಜಾರುವ ಕಡೆಯಲ್ಲೇ ಗೋಡೆ ಹಿಡಿದುಕೊಂಡು ನಡೆಯುತ್ತಿದ್ದೆ. ಬಿದ್ದದ್ದೂ ಉಂಟು.

ಕೆಲವು ವರ್ಷಗಳಾದ ಮೇಲೆ ನನ್ನ ತಂಗಿ ಓದಲು ಇಲ್ಲಿಗೆ ಬಂದಳು. ಮೊದಮೊದಲು ನಮ್ಮ ಮನೆಯಲ್ಲೇ ಇದ್ದಳು. ಒಂದು ಬೆಳಿಗ್ಗೆ ಅವಳಿಗೆ ಬಸ್ ತೋರಿಸಲು ಕರೆದುಕೊಂಡು ಹೋಗುವಾಗ ನಾನು ಎಂದಿನಂತೆ ಉಪ್ಪನ್ನು ಸುತ್ತಿ ನಡೆದೆ. ಅವಳು ನೇರವಾಗಿ ಅದರ ಮೇಲೆಯೇ ಕರಕರ ಎಂದು ಹೆಜ್ಜೆ ಹಾಕಿಕೊಂಡು ಹೋಗಿ, ತಿರುಗಿ ನೋಡಿ ನಕ್ಕಳು.

"ಅಕ್ಕಾ, ಅದು ತಿನ್ನೋ ಉಪ್ಪಲ್ಲ. ತುಳಿಯೋ ಉಪ್ಪು. ಬಾರೇ."

ನಾನು ವರ್ಷಗಟ್ಟಲೆ ದಾಟಲಾಗದ್ದನ್ನು ಅವಳು ಬಂದ ವಾರದಲ್ಲೇ ದಾಟಿದಳು. ಆವತ್ತು ನಾನೂ ನಕ್ಕೆ. ಆದರೆ ಉಪ್ಪನ್ನು ಸುತ್ತಿಕೊಂಡೇ ಅವಳ ಹಿಂದೆ ನಡೆದೆ.

ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟವಳು. ತಂಗಿ ಓದಲಿ ಎಂದು ಅಕ್ಕ ಬಿಟ್ಟಳು ಅನ್ನುವ ಮಾತು ನಮ್ಮ ನೆಂಟರಲ್ಲಿದೆ. ತಂಗಿಯೂ ಅದನ್ನೇ ನಂಬಿದ್ದಾಳೆ. ನಿಜವೆಂದರೆ ನನಗೆ ಲೆಕ್ಕ ಹತ್ತುತ್ತಿರಲಿಲ್ಲ, ಮೇಷ್ಟರು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು, ಇನ್ನು ಹೋಗುವುದಿಲ್ಲ ಎಂದು ನಾನೇ ಹಟ ಹಿಡಿದೆ. ಯಾರಾದರೂ ತ್ಯಾಗ ಅಂದರೆ ನಾನು ತಲೆ ತಗ್ಗಿಸಿ ಸುಮ್ಮನಿರುತ್ತೇನೆ. ಹಾಗೆ ಸುಮ್ಮನಿದ್ದರೆ ಹೌದು ಅಂತಲೇ ಆಗುತ್ತದೆ ಎಂದು ಗೊತ್ತಿದ್ದೂ ಸುಮ್ಮನಿರುತ್ತೇನೆ.

ಈಗ ತಂಗಿಗೆ ಸಿಯಾಟಲ್‌ನ ಸೌತ್ ಲೇಕ್ ಯೂನಿಯನ್‌ನಲ್ಲಿ, ದೊಡ್ಡ ಕಂಪನಿಗಳಿರುವ ಕಡೆ, ದೊಡ್ಡ ಕೆಲಸ. ಗುಡ್ಡದ ಮೇಲೆ ಮನೆ. ಅವಳ ಗಂಡ ತಿಂಗಳಲ್ಲಿ ಹದಿನೈದು ದಿನ ಊರೂರು ತಿರುಗುತ್ತಾರೆ. ಅವಳಿಗೆ ಮಗು ಹುಟ್ಟಿದ ಮೇಲೆ ನೋಡಿಕೊಳ್ಳಲು ನಾನು ಹೋಗತೊಡಗಿದೆ. ಯಜಮಾನರು ಗೋದಾಮಿನ ಕೆಲಸಕ್ಕೆ ಹೋಗುವ ಮೊದಲು ನನ್ನನ್ನು ಅಲ್ಲಿ ಬಿಟ್ಟು ಹೋಗುತ್ತಿದ್ದರು. ತಂಗಿಯೇ ಕೇಳಿಕೊಂಡಿದ್ದಳು. "ಬೇರೆಯವರ ಕೈಗೆ ಕೊಡಲ್ಲ ಅಕ್ಕಾ, ನೀನೇ ಬಾ" ಅಂದಿದ್ದಳು. ಆ ಮಾತಿಗೆ ನಾನು ಕುಣಿದುಕೊಂಡೇ ಹೋದೆ.

ಹೋದ ಮೇಲೆ ಒಂದೊಂದೇ ಕಣ್ಣಿಗೆ ಬೀಳತೊಡಗಿತು. ಕಾಲಿಟ್ಟರೆ ಬೆಚ್ಚಗಿರುವ ಬಚ್ಚಲ ನೆಲ. ತಾನಾಗಿ ತೆರೆದುಕೊಳ್ಳುವ ಗ್ಯಾರೇಜಿನ ಬಾಗಿಲು. ಗ್ಯಾರೇಜಿನ ಮೂಲೆಯಲ್ಲಿ ಚಳಿಗಾಲಕ್ಕೆಂದು ತಂದಿಟ್ಟ ಉಪ್ಪಿನ ದೊಡ್ಡ ಮೂಟೆ, ಅದರಲ್ಲಿ ಒಂದು ಕೆಂಪು ಚಮಚ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಮ್ಯಾನೇಜರ್ ತನ್ನ ಆಫೀಸಿನ ಮುಂದೆ ಮಾತ್ರ ಉಪ್ಪು ಹಾಕಿಸುತ್ತಾನೆ, ನಮ್ಮ ಮೆಟ್ಟಿಲು ಹಾಗೇ ಗಾಜಿನಂತೆ ಹೊಳೆಯುತ್ತಿರುತ್ತದೆ. ಕೇಳಿದ್ದರೆ ತಂಗಿ ಒಂದು ಮೂಟೆ ಕಾರಿಗೇ ಹಾಕಿ ಕಳಿಸುತ್ತಿದ್ದಳು. ಕೇಳಲು ನನಗೆ ಬಾಯಿ ಬರಲಿಲ್ಲ. ಯಜಮಾನರು ಮೆಟ್ಟಿಲಲ್ಲಿ ಜಾರದಿರಲಿ ಎಂದು ಊಟದ ಸ್ಟೀಲ್ ಡಬ್ಬಿಯಲ್ಲಿ ತುಂಬಿಕೊಂಡು, ಮೇಲೆ ಕರವಸ್ತ್ರ ಮುಚ್ಚಿ, ಕದ್ದು ತರುತ್ತಿದ್ದೆ. ನನಗೆ ಅವಳ ಉಪ್ಪಿನ ಮೇಲೂ ಹೊಟ್ಟೆಕಿಚ್ಚಿತ್ತು.

ಇವೆಲ್ಲ ಸಣ್ಣವು. ದೊಡ್ಡದು ನನ್ನ ಮಗಳು.

ನನಗೊಬ್ಬಳೇ ಮಗಳು. ಯೂನಿವರ್ಸಿಟಿ ಡಿಸ್ಟ್ರಿಕ್ಟಿನಲ್ಲಿ ರೂಮು ಮಾಡಿಕೊಂಡು ಓದುತ್ತಾಳೆ. ನಾನು ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ, ಅದೂ ಒಂದೇ ಮಾತಿನಲ್ಲಿ. ಅವಳ ಫೋನು ಬರುವುದು ಚಿಕ್ಕಮ್ಮನಿಗೆ. ಯಾವ ಪಾಠ ತೆಗೆದುಕೊಳ್ಳಲಿ, ಯಾವ ಕೋಟು ಕೊಳ್ಳಲಿ, ರೂಮಿನ ಹುಡುಗಿ ಜೊತೆ ಜಗಳ ಆಯಿತು ಏನು ಮಾಡಲಿ, ಎಲ್ಲ ಚಿಕ್ಕಮ್ಮನಿಗೆ. ತಂಗಿ ಸಂಜೆ ನನಗೆ ಹೇಳುತ್ತಾಳೆ: "ನಿನ್ನ ಮಗಳು ಹೀಗಂದ್ಲು ಅಕ್ಕಾ." ನನ್ನ ಮಗಳ ಸುದ್ದಿಯನ್ನು ನಾನು ತಂಗಿಯ ಬಾಯಲ್ಲಿ ಕೇಳಬೇಕು. ಅವಳು ಪ್ರೀತಿಯಿಂದಲೇ ಹೇಳುತ್ತಾಳೆ. ಅದೇ ನನಗೆ ತಡೆಯಲಾಗುತ್ತಿರಲಿಲ್ಲ.

ಆ ಚಳಿಗಾಲದಲ್ಲಿ ಹಿಮ ಬೀಳುತ್ತದೆ ಎಂದು ಸುದ್ದಿಯಾಯಿತು. ಈ ಊರಿನಲ್ಲಿ ಹಿಮ ಅಪರೂಪ, ಆದ್ದರಿಂದ ಗಾಬರಿ ಜಾಸ್ತಿ. ಅಂಗಡಿಗಳಲ್ಲಿ ಬ್ರೆಡ್ಡು, ಉಪ್ಪು ಎರಡೂ ಖಾಲಿ. ಗ್ಯಾರೇಜಿನ ಹಳೆಯ ಮೂಟೆಯೂ ಮುಗಿದಿತ್ತು. ತಂಗಿ ಎಲ್ಲೆಲ್ಲೋ ಅಲೆದು ಬೇರೆ ಥರದ ಒಂದು ಮೂಟೆ ತಂದಳು. "ಇದು ಜಾಸ್ತಿ ಚಳಿಗೂ ಕೆಲಸ ಮಾಡತ್ತಂತೆ" ಅಂದಳು. ತೆರೆದು ನೋಡಿದರೆ ಒಡೆದ ಕಲ್ಲಿನ ಹಾಗಿರಲಿಲ್ಲ, ಸಬ್ಬಕ್ಕಿಯ ಹಾಗೆ ಬೆಳ್ಳಗೆ, ಗುಂಡಗೆ ಇತ್ತು. ಮೂಟೆಯ ಮೇಲೆ ಏನೇನೋ ಬರೆದಿತ್ತು. ನನಗೆ ಅಷ್ಟು ಇಂಗ್ಲಿಷ್ ಬರುವುದಿಲ್ಲ. ಉಪ್ಪು ಉಪ್ಪೇ ಅಂದುಕೊಂಡೆ.

ಹಿಮ ಬಿದ್ದರೆ ಗುಡ್ಡ ಹತ್ತಲು ಆಗುವುದಿಲ್ಲವೆಂದು ನಾನು ಹಿಂದಿನ ಸಂಜೆಯೇ ಅವಳ ಮನೆಯಲ್ಲಿ ಉಳಿದೆ. ಬೆಳಿಗ್ಗೆ ಎದ್ದರೆ ಎಲ್ಲ ಬಿಳಿ, ಅದರ ಮೇಲೆ ಮಳೆ ಬಿದ್ದು ಹೆಪ್ಪುಗಟ್ಟಿದೆ. ಮಗಳ ಕಾಲೇಜಿಗೆ ರಜಾ ಕೊಟ್ಟಿದ್ದರು. ಅವಳು ಚಿಕ್ಕಮ್ಮನಿಗೆ ಫೋನು ಮಾಡಿ ಬರುತ್ತೇನೆ ಅಂದಳಂತೆ. ನಾನೂ ಅಲ್ಲಿದ್ದೇನೆ ಎಂದು ತಂಗಿ ಹೇಳಿದ ಮೇಲೆ "ಓ, ಓಕೆ" ಅಂದಳಂತೆ. ಇದನ್ನೂ ತಂಗಿಯೇ ನಗುತ್ತಾ ಹೇಳಿದಳು.

ನಾನು ಕೈಗವಸು ಹಾಕಿಕೊಂಡು ಹೊರಗೆ ಹೋಗಿ ಮೆಟ್ಟಿಲಿಗೆಲ್ಲ ಉಪ್ಪು ಹಾಕಿದೆ. ಮಗಳು ಜಾರಬಾರದು ಎಂದು ಗೇಟಿನಿಂದ ಬಾಗಿಲವರೆಗೆ ರಂಗೋಲಿ ಎಳೆಯುವವಳ ಹಾಗೆ ಬಗ್ಗಿ ಬಗ್ಗಿ ಹಾಕಿದೆ. ಅವಳು ಬಸ್ಸಿಳಿದು ಗುಡ್ಡ ಹತ್ತಿ, ಆ ಉಪ್ಪಿನ ಮೇಲೆಯೇ ನಡೆದು ಬಂದಳು. ಬಂದವಳು ಬಾಗಿಲಲ್ಲಿ ನಿಂತಿದ್ದ ನನಗೆ "ಹಾಯ್ ಅಮ್ಮಾ" ಅಂದು, ನನ್ನ ಪಕ್ಕದಿಂದ ನುಸುಳಿ ಹೋಗಿ ಚಿಕ್ಕಮ್ಮನನ್ನು ತಬ್ಬಿಕೊಂಡಳು.

ಮಧ್ಯಾಹ್ನವೆಲ್ಲ ಅವರಿಬ್ಬರೂ ಕಾರ್ಪೆಟ್ ಮೇಲೆ ಕಾಲು ಚಾಚಿ ಕೂತು ಲ್ಯಾಪ್‌ಟಾಪ್ ನೋಡುತ್ತಾ ಮಾತಾಡಿದರು. ನಾನು ಅಡುಗೆಮನೆಯಲ್ಲಿ ಅಕ್ಕಿರೊಟ್ಟಿ ತಟ್ಟುತ್ತಿದ್ದೆ. ಅವರ ಇಂಗ್ಲಿಷ್ ನನಗೆ ಅಲ್ಲೊಂದು ಇಲ್ಲೊಂದು ಮಾತು ತಿಳಿಯುತ್ತಿತ್ತು, ನಗು ಮಾತ್ರ ಪೂರ್ತಿ ತಿಳಿಯುತ್ತಿತ್ತು. ನನ್ನ ಮಗಳು ಹಾಗೆ ಬಾಯ್ತುಂಬ ನಗುವುದನ್ನು ನಾನು ಕೇಳಿ ಎಷ್ಟೋ ಕಾಲವಾಗಿತ್ತು. ತಂಗಿಯ ಮಗು, ಇನ್ನೂ ಎರಡು ತುಂಬದ ಹುಡುಗಿ, ಅವರಿಬ್ಬರ ನಡುವೆ ಉರುಳಾಡುತ್ತಿತ್ತು. ನಾನು ರೊಟ್ಟಿ ತಂದಿಟ್ಟೆ. ಮಗು ನನ್ನ ಕಡೆ ಕೈ ಚಾಚಿ "ದೊಮ್ಮಾ" ಅಂತು. ತಂಗಿ "ಬೇಡ ಪುಟ್ಟಾ, ದೊಡ್ಡಮ್ಮಂಗೆ ಕೆಲಸ ಇದೆ" ಎಂದು ಅದನ್ನು ತನ್ನ ತೊಡೆಗೆ ಎಳೆದುಕೊಂಡಳು.

ಆಗ ನಾನು ಅಂದುಕೊಂಡದ್ದನ್ನು ಇದ್ದ ಹಾಗೆಯೇ ಬರೆಯುತ್ತೇನೆ. ನನ್ನ ಮಗಳನ್ನೂ ನೀನೇ ಇಟ್ಟುಕೊಂಡೆ, ನಿನ್ನದನ್ನೂ ನೀನೇ ಇಟ್ಟುಕೊಂಡೆ. ಮಗು ಕೈಬಿಟ್ಟು ಹೋಗುವುದು ಅಂದರೇನು ಅಂತ ನಿನಗೂ ಒಂದು ದಿನ ಗೊತ್ತಾಗಲಿ. ಹಾಗಂದುಕೊಂಡು, ಮಗುವಿನ ಮುಖವನ್ನೇ ನೋಡಿದೆ.

ಸಂಜೆ ನನ್ನ ಮಗಳು ತನ್ನ ರೂಮಿಗೆ ಹೊರಟ ಮೇಲೆ ಮಗು ಅಳಲು ಶುರು ಮಾಡಿತು. ಹಾಲು ಕಕ್ಕಿತು. ಮೈ ಬಿಸಿ. ತಂಗಿ ಆಸ್ಪತ್ರೆಯ ನರ್ಸಿಗೆ ಫೋನು ಮಾಡಿದಳು. ಔಷಧಿ ಕೊಟ್ಟು ನೋಡುತ್ತಿರಿ, ಈ ರಸ್ತೆಯಲ್ಲಿ ಈಗಲೇ ಹೊರಡಬೇಡಿ ಅಂದರು. ಅಷ್ಟರಲ್ಲಿ ಮೈಸೂರಿನಿಂದ ಅಮ್ಮನ ವಿಡಿಯೋ ಕಾಲ್ ಬಂತು. ಮಗುವಿನ ಅಳು ಕೇಳಿದ ಕೂಡಲೇ ಅಮ್ಮ ಶುರು ಮಾಡಿದಳು.

"ದೃಷ್ಟಿ ಕಣ್ರೇ ಅದು. ಮೊದಲು ಉಪ್ಪು ನಿವಾಳಿಸಿ."

"ಅಮ್ಮಾ, ವೈರಸ್ ಅಮ್ಮ. ಎಲ್ಲಾ ಮಕ್ಕಳಿಗೂ ಬರ್ತಿದೆ" ಅಂದಳು ತಂಗಿ.

"ನಿನ್ನ ವೈರಸ್ಸಿಗೆ ನಾನೇನಾದ್ರೂ ಅಡ್ಡ ಬಂದ್ನಾ? ಔಷಧಿನೂ ಕೊಡು, ಉಪ್ಪೂ ತೆಗಿ. ದೊಡ್ಡವಳೇ, ನೀನು ತೆಗಿಯೇ. ಅವಳ ಕೈಲಿ ಆಗಲ್ಲ."

ತಂಗಿ ನನ್ನ ಕಡೆ ನೋಡಿ ಸುಸ್ತಾಗಿ ನಕ್ಕಳು. "ತೆಗಿ ಅಕ್ಕಾ. ಅಮ್ಮನ ಸಮಾಧಾನಕ್ಕೆ."

ಮನೆಯಲ್ಲಿದ್ದದ್ದು ನುಣ್ಣನೆಯ ಪುಡಿಯುಪ್ಪು. "ಅದಾಗಲ್ಲ, ಕಲ್ಲುಪ್ಪೇ ಆಗಬೇಕು" ಎಂದು ಅಮ್ಮ ಪಟ್ಟು ಹಿಡಿದಳು. ನಾನು ಗ್ಯಾರೇಜಿಗೆ ಹೋಗಿ ಮೂಟೆಯಿಂದ ಒಂದು ಹಿಡಿ ತಂದೆ. ಊರಿನಲ್ಲಾದರೆ ಮೆಣಸಿನಕಾಯಿ ಸೇರಿಸಿ ಒಲೆಗೆ ಹಾಕುತ್ತೇವೆ. ಇಲ್ಲಿ ಹಾಗೆ ಮಾಡಿದರೆ ಹೊಗೆಯ ಅಲಾರಂ ಬಡಿದುಕೊಂಡು ಬೀದಿಯವರೆಲ್ಲ ಬರುತ್ತಾರೆ. ಅದಕ್ಕೆ ನೀರಿಗೆ ಹಾಕುವುದು. ಉಪ್ಪು ಕರಗಿದ ಹಾಗೆ ದೃಷ್ಟಿಯೂ ಕರಗುತ್ತದೆ ಎಂದು ನಂಬಿಕೆ.

ಮಗುವಿನ ಸುತ್ತ ನಿವಾಳಿಸುವಾಗ ಹೇಳುವ ಮಾತಿದೆಯಲ್ಲ: ನಾಯಿ ಕಣ್ಣು, ನರಿ ಕಣ್ಣು, ಬಂದವರ ಕಣ್ಣು, ಹೋದವರ ಕಣ್ಣು. ಹೇಳುತ್ತಾ ಹೇಳುತ್ತಾ ನನ್ನ ನಾಲಿಗೆ ತಡವರಿಸಿತು. ಆವತ್ತು ಆ ಮಗುವಿನ ಮೇಲೆ ಕಣ್ಣು ಹಾಕಿದವರು ಯಾರು? ಕೈ ಬೆವರಿತ್ತು, ಮುಷ್ಟಿಯೊಳಗೆ ಉಪ್ಪು ಚುರುಗುಟ್ಟಿದಂತಾಯಿತು. ಅಡುಗೆಮನೆಗೆ ಹೋಗಿ ಸ್ಟೀಲ್ ಬಟ್ಟಲಿನಲ್ಲಿ ಸ್ವಲ್ಪ ತಣ್ಣೀರು ಹಿಡಿದು ಉಪ್ಪನ್ನು ಹಾಕಿದೆ. ಚಟಪಟ ಎಂದು ಸದ್ದಾಯಿತು. ಕಲಕಲು ಬಟ್ಟಲು ಎತ್ತಿಕೊಂಡೆ. ಅದು ಬೆಚ್ಚಗಾಯಿತು. ನೋಡುತ್ತಿದ್ದಂತೆ ಬಿಸಿಯಾಯಿತು. ಒಲೆಯ ಮೇಲಿಲ್ಲ, ಬಿಸಿನೀರಲ್ಲ. ಕೈಯಲ್ಲಿ ಹಿಡಿಯಲಾಗದಷ್ಟು ಸುಟ್ಟಿತು.

ನಾನು ಅದನ್ನು ಸಿಂಕಿನಲ್ಲಿ ಕುಕ್ಕಿದೆ. ಸದ್ದಿಗೆ ತಂಗಿ ಒಳಗಿನಿಂದ ಕೂಗಿದಳು. "ಏನಾಯ್ತಕ್ಕಾ?"

"ಏನಿಲ್ಲ. ಕೈ ಜಾರ್ತು."

ಅಂಥ ದೃಷ್ಟಿಯನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ. ಯಾರ ಕಣ್ಣು ಎಂದು ಕೇಳಿಕೊಳ್ಳುವ ಅಗತ್ಯವೂ ಇರಲಿಲ್ಲ.

ಬೆಳಿಗ್ಗೆ ಮಗುವಿನ ಜ್ವರ ಇಳಿದಿತ್ತು. ಹಿಮವೂ ಕರಗತೊಡಗಿತ್ತು. ಯಜಮಾನರಿಗೆ ಫೋನು ಮಾಡಿ ಬಂದು ಕರೆದುಕೊಂಡು ಹೋಗಿ ಅಂದೆ. ಮಗು ಬಾಗಿಲಲ್ಲಿ ಕೈ ಚಾಚಿತು. ಕಣ್ಣೆತ್ತದೆ ಚಪ್ಪಲಿ ಮೆಟ್ಟಿಕೊಂಡೆ.

ಆಮೇಲೆ ನಾನು ಹೋಗಲಿಲ್ಲ. ಮೊದಲು ರಸ್ತೆ ಸರಿಯಿಲ್ಲ ಅಂದೆ. ರಸ್ತೆ ಸರಿಹೋದ ಮೇಲೆ ಮಂಡಿನೋವು ಅಂದೆ. ಮಂಡಿಗೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತೇನೆ ಅಂದಾಗ, ಯಜಮಾನರಿಗೆ ಕೆಮ್ಮು ಅಂದೆ. ತಂಗಿ ರಜಾ ಹಾಕಿದಳು, ರಜಾ ಮುಗಿಯಿತು, ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಮನೆಯಿಂದ ಮೀಟಿಂಗ್ ಮಾಡಿದಳು. ಅವಳ ಗಂಡ ಊರಲ್ಲಿರಲಿಲ್ಲ. ಅವಳ ಪಾಡು ನನಗೆ ಗೊತ್ತಿತ್ತು. ನಾನು ಅಲ್ಲಿ ಕಾಲಿಡದಿದ್ದರೆ ಮಗು ಚೆನ್ನಾಗಿರುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ಇದನ್ನೂ ಬಚ್ಚಿಡುವುದಿಲ್ಲ: ಅವಳು ಒದ್ದಾಡುತ್ತಿದ್ದಾಳೆ ಅಂದಾಗ ಒಳಗೆ ಒಂದು ಸಣ್ಣ ತಣ್ಣನೆಯ ಸಮಾಧಾನವೂ ಆಗುತ್ತಿತ್ತು. ನಾನಿಲ್ಲದೆ ಅವಳಿಗೆ ನಡೆಯುವುದಿಲ್ಲ ಅನ್ನುವ ಸಮಾಧಾನ.

ಕೊನೆಗೆ ಅವಳು ಫೋನಿನಲ್ಲಿ ಕೇಳಿದಳು.

"ಅಕ್ಕಾ, ನಿಜ ಹೇಳು. ನಾನೇನಾದ್ರೂ ಅಂದ್ನಾ? ಆ ಚಳೀಲಿ ನೀನೊಬ್ಳೇ ಉಪ್ಪು ಹಾಕೋ ಹಾಗಾಯ್ತು ಅಂತ ಬೇಜಾರಾ?"

"ಅಯ್ಯೋ, ಏನೂ ಇಲ್ಲ ಕಣೇ."

"ನನಗೋಸ್ಕರ ಎಷ್ಟು ಬಿಟ್ಟಿದೀಯ ನೀನು. ಇದೂ ಜಾಸ್ತಿ ಆಯ್ತೇನೋ. ನಾನು ಡೇಕೇರ್ ನೋಡ್ತೀನಿ ಅಕ್ಕಾ. ನೀನು ರೆಸ್ಟ್ ತಗೋ."

ಡೇಕೇರ್ ಅಂದ ಕೂಡಲೇ ನನಗೆ ಹೊಳೆಯಿತು. ಅಲ್ಲಿಗೆ ಹಾಕಿದರೆ ಆ ಮಗು ನನ್ನನ್ನು ಮರೆಯುತ್ತದೆ. ಇನ್ನೊಂದು ಹೆಣ್ಣುಮಗು ನನಗೆ ಹಾಯ್ ಹೇಳಿ ಪಕ್ಕದಿಂದ ನುಸುಳಿ ಹೋಗುತ್ತದೆ.

ಆ ವಾರವೇ ಒಂದು ಸಂಜೆ ಯಜಮಾನರು ಕೆಲಸದಿಂದ ಬಂದು, ಕೈ ತೋರಿಸಿ ಸೂಪರ್‌ವೈಸರನ್ನು ಬೈಯತೊಡಗಿದರು. ಅಂಗೈ ಕೆಂಪಾಗಿತ್ತು. ಲಾರಿ ನಿಲ್ಲುವ ಕಡೆ ಐಸಿಗೆ ಉಪ್ಪು ಹಾಕಿಸಿದರಂತೆ, ಒದ್ದೆಯಾದ ಗ್ಲೌಸಿನ ಒಳಗೆ ಕಾಳು ಹೋಗಿ ಸುಟ್ಟಿತಂತೆ.

"ಉಪ್ಪು ಸುಡತ್ತಾ?" ಅಂದೆ.

"ಬಿಳೀ ಗುಂಡು ಗುಂಡಾಗಿರತ್ತಲ್ಲ, ಅದು. ಬರೀ ಉಪ್ಪಲ್ಲ ಕಣೆ, ಏನೋ ಕೆಮಿಕಲ್ಲು. ನೀರು ತಾಗಿದ್ರೆ ಕಾವೇರತ್ತೆ. ಬಕೀಟಿಗೆ ಹಾಕಿದ್ರೆ ನೀರೇ ಬಿಸಿಯಾಗತ್ತೆ."

ನಾನು ಅವರ ಅಂಗೈ ಹಿಡಿದು ತಿರುಗಿಸಿ ತಿರುಗಿಸಿ ನೋಡಿದೆ. ನಕ್ಕೆನೋ ಅತ್ತೆನೋ ಗೊತ್ತಿಲ್ಲ. "ಏನಾಯ್ತೇ ನಿನಗೆ, ಸುಟ್ಟಿದ್ದು ನನ್ನ ಕೈ" ಅಂದರು ಅವರು.

ಮಾರನೆಯ ದಿನವೇ ಹೋದೆ. ದಾರಿಯುದ್ದಕ್ಕೂ ಹಗುರವಾಗಿದ್ದೆ. ಬಟ್ಟಲು ಸುಳ್ಳು ಹೇಳಿತ್ತು, ನನ್ನ ಕಣ್ಣಿನದೇನೂ ತಪ್ಪಿಲ್ಲ. ಆದರೆ ಗುಡ್ಡ ಹತ್ತುವಾಗ ಆ ಹಗುರ ಉಳಿಯಲಿಲ್ಲ. ನೀರು ಬಿಸಿಯಾದದ್ದು ಕೆಮಿಕಲ್ಲಿನಿಂದ, ಸರಿ. ರೊಟ್ಟಿಯ ತಟ್ಟೆ ಹಿಡಿದುಕೊಂಡು ಆ ಮಗುವಿನ ಮುಖ ನೋಡಿ ನಾನು ಅಂದುಕೊಂಡದ್ದು ಯಾವ ಕೆಮಿಕಲ್ಲಿನಿಂದ?

ತಂಗಿ ಮಗುವನ್ನು ಸೊಂಟದ ಮೇಲಿಟ್ಟುಕೊಂಡು ಬಾಗಿಲು ತೆಗೆದಳು. ಕಣ್ಣಿನ ಕೆಳಗೆ ಕಪ್ಪಾಗಿತ್ತು. ನಾನು ನಿಂತಲ್ಲೇ ಬಟ್ಟಲಿನ ಕಥೆ ಹೇಳಿದೆ. ಅವಳು ಮೊದಲು ಬಾಯಿ ತೆರೆದು ನೋಡಿದಳು, ಆಮೇಲೆ ನಗಲು ಶುರು ಮಾಡಿದಳು. ಗೋಡೆಗೆ ಒರಗಿಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

"ಅಕ್ಕಾ! ಐಸ್ ಮೆಲ್ಟ್ ತಗೊಂಡು ದೃಷ್ಟಿ ತೆಗೆದ್ಯಾ? ಇದಕ್ಕಾ ನೀನು ಇಷ್ಟು ದಿನ ಬರ್ಲಿಲ್ಲ? ಯಾರದೋ ದೃಷ್ಟಿ ನಿನಗೆ ಅಂಟ್ಕೊಳತ್ತೆ ಅಂತಾನಾ?"

ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಅವಳೇ ನನಗೆ ಒಳ್ಳೆಯ ಉತ್ತರ ಎತ್ತಿ ಕೊಟ್ಟಿದ್ದಳು, ತಲೆ ತಗ್ಗಿಸಿದ್ದರೆ ಸಾಕಿತ್ತು.

"ಯಾರದೋ ಅಲ್ಲ. ನಂದು" ಅಂದೆ.

ಅವಳು ಇನ್ನೂ ನಗುತ್ತಿದ್ದಳು. ನಾನು ಹೇಳಿದೆ. ನನ್ನ ಮಗಳು ಅವಳನ್ನು ತಬ್ಬಿಕೊಂಡದ್ದು, ಅವರು ಕಾರ್ಪೆಟ್ ಮೇಲೆ ನಗುತ್ತಿದ್ದದ್ದು, ನಾನು ಅಂದುಕೊಂಡದ್ದು, ಅಂದುಕೊಂಡ ಮಾತುಗಳಲ್ಲೇ ಹೇಳಿದೆ. ಅವಳ ನಗು ಮೆಲ್ಲಗೆ ನಿಂತಿತು. ಮಗು ನನ್ನ ಕಡೆ ಬಾಗಿ "ದೊಮ್ಮಾ" ಎಂದು ಕೈ ಚಾಚಿತ್ತು. ತಂಗಿ ಅದನ್ನು ಈ ಸೊಂಟದಿಂದ ಆ ಸೊಂಟಕ್ಕೆ ಬದಲಿಸಿದಳು. ಬೇಕೆಂದೇ ಮಾಡಿದಳು ಅನ್ನಲಾರೆ. ಕೈ ತಾನಾಗಿ ಮಾಡಿತು.

ಆಮೇಲೆ ಕೇಳಿದಳು. "ಯಾಕೆ ಹೇಳ್ದೆ ಅಕ್ಕಾ? ನೀರು ಬಿಸಿಯಾಯ್ತು ಅಂದ್ಬಿಟ್ಟು ಸುಮ್ನಿರಬಹುದಿತ್ತಲ್ಲ."

ನಾನು ಬಗ್ಗಿ, ಮಗುವಿನ ಕಾಲಿಂದ ಜಾರಿ ಬಿದ್ದ ಕಾಲುಚೀಲ ಎತ್ತಿಕೊಟ್ಟೆ.

"ನಿನ್ನ ಮಗಳನ್ನ ನಾನು ಕಿತ್ಕೊಂಡಿಲ್ಲ. ಅವಳು ಫೋನ್ ಮಾಡಿದ್ರೆ ಎತ್ತಬಾರದಾ ನಾನು?"

"ಎತ್ತು. ಎತ್ತಬೇಡ ಅಂದ್ನಾ?"

"ಮತ್ತೆ ನಾನೇನು ಮಾಡ್ಬೇಕು?"

"ಏನೂ ಮಾಡ್ಬೇಡ. ಇದು ನಿನ್ನಿಂದ ಹೋಗೋದಲ್ಲ."

ಅವಳು ಮಗುವಿನ ಕೂದಲನ್ನು ಸುಮ್ಮನೆ ಸವರುತ್ತಾ ನಿಂತಳು. "ನಾಳೆ ಬರಬೇಡ" ಅಂದಳು. ನಾನು ಚಪ್ಪಲಿ ಹಾಕಿಕೊಳ್ಳುತ್ತಿದ್ದಾಗ, ನನ್ನ ಮುಖ ನೋಡದೆ ಸೇರಿಸಿದಳು. "ಸೋಮವಾರ ಬಾ."

ಸೋಮವಾರ ಹೋದೆ. ಅವಳು ಮೀಟಿಂಗಿನ ಅವಸರದಲ್ಲಿದ್ದಳು. ಮಗುವನ್ನು ನನ್ನ ಕೈಗೆ ಕೊಟ್ಟಳು. ಅದರ ಕೆನ್ನೆಯ ಮೇಲೆ ಕಾಡಿಗೆಯ ಒಂದು ಬೊಟ್ಟಿತ್ತು. ಹುಟ್ಟಿದಾಗಿನಿಂದ ಆ ಮಗುವಿನ ಮುಖದಲ್ಲಿ ನಾನು ದೃಷ್ಟಿಬೊಟ್ಟು ನೋಡಿರಲಿಲ್ಲ. ನಾನು ಬೊಟ್ಟನ್ನು ನೋಡಿದ್ದು ತಂಗಿಯ ಕಣ್ಣಿಗೆ ಬಿತ್ತು.

"ಅಮ್ಮ ಇಡು ಅಂದ್ಲು" ಅಂದಳು.

"ಹೂಂ" ಅಂದೆ. ಅಮ್ಮ ಹೇಳಿರಲಿಲ್ಲ ಎಂದು ನನಗೆ ಗೊತ್ತಿತ್ತು. ಹಿಂದಿನ ದಿನವೇ ಅಮ್ಮನ ಜೊತೆ ಮಾತಾಡಿದ್ದೆ, ಅವಳಿಗೆ ಇದರ ಸುದ್ದಿಯೇ ಇರಲಿಲ್ಲ.

ತಂಗಿ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಮಗು ನನ್ನ ಕುತ್ತಿಗೆಗೆ ಮುಖ ಒತ್ತಿ ಏನೇನೋ ಹೇಳಿತು. ಮಧ್ಯಾಹ್ನ ಮೊಸರನ್ನ ತಿಂದು ಮೂತಿಗೆಲ್ಲ ಮೆತ್ತಿಕೊಂಡಿತು. ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಒರೆಸಿದಾಗ ಬೊಟ್ಟೂ ಹೋಯಿತು, ಕೆನ್ನೆ ಖಾಲಿಯಾಯಿತು. ಸ್ವಲ್ಪ ಹೊತ್ತು ಹಾಗೇ ನೋಡಿದೆ. ಮುದ್ದಾದ ಮಗು. ಎಲ್ಲ ಇರುವ ಮನೆಯ ಮಗು.

ಬಚ್ಚಲಿಗೆ ಹೋಗಿ ತಂಗಿಯ ಕಾಡಿಗೆ ಡಬ್ಬಿ ಹುಡುಕಿ ತಂದೆ. ಅವಳು ರೂಮಿನಿಂದ ಬರುವ ಮೊದಲು ಬೊಟ್ಟನ್ನು ಅದೇ ಜಾಗದಲ್ಲಿ ಮತ್ತೆ ಇಟ್ಟೆ. ಅವಳಿಟ್ಟಿದ್ದಕ್ಕಿಂತ ಸ್ವಲ್ಪ ದೊಡ್ಡದಾಗಿಯೇ ಇಟ್ಟೆ.